ನೆರವು ಋಣವಾಗದಿರಲಿ



ಕೆರಿಬಿಯನ್ ಸಮುದ್ರದ ಹೈಟಿಯಲ್ಲಿ ಗುಲಾಮರು ದಂಗೆಯೆದ್ದು 1804ರಲ್ಲಿ ಸ್ವತಂತ್ರರಾದರು. 1825ರಲ್ಲಿ ಫ್ರಾನ್ಸ್ ಆ ಸ್ವಾತಂತ್ರ್ಯಕ್ಕೇ 15 ಕೋಟಿ ಫ್ರಾಂಕುಗಳ ಬೆಲೆ ಕಟ್ಟಿತು. ಅದನ್ನು ತೆರಲು ಎತ್ತಿದ ಸಾಲದ ಹೊರೆ ಕಳೆದದ್ದು 1947ರಲ್ಲಿ. ಶಾಲೆ ಕಟ್ಟಬೇಕಿದ್ದ ಹಣ ಹೀಗೆ ಸಾಲ ಕೊಟ್ಟವರ ಪಾಲಾಯಿತು. ಇಂದಿಗೂ ಅಲ್ಲಿನ ಬಹುಪಾಲು ಶಾಲೆಗಳು ಸರ್ಕಾರದವಲ್ಲ. ಅನೇಕವನ್ನು ಕ್ರೈಸ್ತ ಮಿಷನ್ನುಗಳು ನಡೆಸುತ್ತಿವೆ.

ದೂರದೇಶದ ದಾನಿಯೊಬ್ಬರು ಒಂದು ಮಗುವಿನ ಶುಲ್ಕವನ್ನು ಹೊರುವುದು ಈ ಮಿಷನ್ನುಗಳ ಪರಿಪಾಠ. ಆದರೆ ಮಗು ಬೆಳೆದು ಶಾಲೆ ಮುಗಿಸಿದೊಡನೆ ಎಷ್ಟೋ ದಾನಿಗಳ ನೆರವು ನಿಲ್ಲುತ್ತದೆ. ಮನೆಯಲ್ಲಿ ಕ್ರಿಯೋಲ್ ನುಡಿದು, ಫ್ರೆಂಚಿನಲ್ಲಿ ಪರೀಕ್ಷೆ ಗೆದ್ದ ಹಳ್ಳಿಯ ಹುಡುಗಿಗೆ ಕಾಲೇಜಿನ ಶುಲ್ಕದೊಡನೆ ಪಟ್ಟಣದ ಬಾಡಿಗೆಯೂ ಬೇಕು. 2010ರ ಭೂಕಂಪವು ರಾಜಧಾನಿಯ ವಿಶ್ವವಿದ್ಯಾಲಯಗಳನ್ನೂ ಕೆಡವಿತು. ಆದ್ದರಿಂದ ಕಾಲೇಜಿನವರೆಗೂ ಕೈಹಿಡಿಯುವ ಮಿಷನ್ನುಗಳ ಕಾರ್ಯ ಶ್ಲಾಘ್ಯವೇ ಸರಿ.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಕೊಟ್ಟವರು ಪ್ರತಿಯಾಗಿ ಏನನ್ನು ಕೇಳಬಹುದು? ಭಕ್ತಿಯನ್ನೋ, ಕೃತಜ್ಞತೆಯ ಪತ್ರಗಳನ್ನೋ ನಿರೀಕ್ಷಿಸಿದರೆ ದಾನವು ಋಣವಾಗುತ್ತದೆ. ಮನೆಮಾತೊಂದು, ಶಾಲೆಯ ಮಾತೊಂದು ಆದ ಮಕ್ಕಳನ್ನು ಓದಿಸುವ ಹೊರನಾಡಿನ ನಮಗೆ ವಿದ್ಯೆಯ ಬೆಲೆ ಗೊತ್ತು. ಸ್ವಾತಂತ್ರ್ಯಕ್ಕೆ ಬೆಲೆ ತೆತ್ತ ಜನ ವಿದ್ಯೆಗಾಗಿ ಮತ್ತೊಮ್ಮೆ ತಲೆಬಾಗುವಂತಾಗಬಾರದು.