ನಿಲ್ಲುವ ವಿದ್ಯೆ



ಅಧ್ಯಕ್ಷಪೀಠದಲ್ಲಿ ಕುಳಿತವನು ಮೊದಲು ಸಮ್ಮೇಳನ ನೆರೆದ ಸ್ಥಳದ ಮಹಿಮೆಯನ್ನು ಕೊಂಡಾಡಿ, ಆಮೇಲೆ ತನ್ನ ಅಯೋಗ್ಯತೆಯನ್ನು ನಿವೇದಿಸಿಕೊಂಡು, ಅನಂತರವೇ ವಿಷಯಕ್ಕೆ ಕೈಹಾಕತಕ್ಕದ್ದೆಂಬುದು ನಮ್ಮ ಸಭಾಮರ್ಯಾದೆ. ಎರಡನೆಯದನ್ನು ನೀವಾಗಿಯೇ ಬಲ್ಲಿರಾದುದರಿಂದ ಅದನ್ನು ಬಿಡುತ್ತೇನೆ. ಮೊದಲನೆಯದರಲ್ಲಿ ಮಾತ್ರ ನನಗೊಂದು ತೊಡಕುಂಟು. ಚಿಕ್ಕಮಗಳೂರಿನಿಂದ ಮುತ್ತೋಡಿಯ ಕಾಡಿನತ್ತ ಹೊರಟ ಪ್ರವಾಸಿಗರು ನಮ್ಮ ಅಂಗವಿಕಲರ ಸಮ್ಮೇಳನ ನೆರೆದಿರುವ ಈ ಮಲ್ಲಂದೂರಿನ ಆಸುಪಾಸಿನಲ್ಲಿ ಕಾರಿನ ಗಾಜಿನಾಚೆಗೆ ಕಾಣುವ ಕಾಫಿಯ ಇಳಿಜಾರನ್ನೂ, ಸಿಲ್ವರ್ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿಯನ್ನೂ, ಅವುಗಳ ಮೇಲೆ ತೇಲುವ ಮಂಜನ್ನೂ ಕಂಡು ಇದೇ ಸ್ವರ್ಗವೆಂದು ಉದ್ಗರಿಸುವುದುಂಟು. ಆದರೆ ಅದೇ ಇಳಿಜಾರನ್ನು ಆಷಾಢದ ಮಳೆಯಲ್ಲಿ, ಒಂದು ಕಾಲಿಗೆ ಕ್ಯಾಲಿಪರ್ ಎಂಬ ಆಸರೆಪಟ್ಟಿ ಬಿಗಿದುಕೊಂಡು, ತೋಟದ ಕೂಲಿಯವರ ಲೈನ್ ಮನೆಯಿಂದ ಟಾರು ರಸ್ತೆಯವರೆಗೆ ಇಳಿಯಬೇಕಾದವನ ಬಾಯಿಂದ ಆ ಉದ್ಗಾರ ಹೊರಡಲಾರದು. ಬಾಲ್ಯದಲ್ಲಿ ಪೋಲಿಯೊ ತಗುಲಿದ ಕಾಲನ್ನು ಇಂಥ ಮಣ್ಣಿನಲ್ಲಿಯೇ ಎಳೆದುಕೊಂಡು ಬೆಳೆದವನಾದ ನಾನು ಈ ನೆಲವನ್ನು ಪ್ರೀತಿಸುತ್ತೇನೆ, ಅದರೊಡನೆ ವ್ಯಾಜ್ಯವನ್ನೂ ಹೂಡಿದ್ದೇನೆ. ನನ್ನ ಭಾಷಣವೆಲ್ಲ ಆ ವ್ಯಾಜ್ಯದ ವಿಷಯವೇ.

ಬೀಳುವುದು ನಮ್ಮ ಮನೆಗಳಲ್ಲಿ ಗ್ರಹಚಾರದ ಲೆಕ್ಕಕ್ಕೆ ಸೇರಿಹೋಗಿದೆ. ಅಜ್ಜಿ ಬಚ್ಚಲಲ್ಲಿ ಬಿದ್ದರು, ಸೊಂಟದ ಮೂಳೆ ಮುರಿಯಿತು, ಮಲಗಿದವರು ಏಳಲಿಲ್ಲ ಎಂಬ ವಾರ್ತೆಯನ್ನು ನಾವು ಮಳೆ ಬಂತೆಂಬ ವಾರ್ತೆಯಷ್ಟೇ ನಿರ್ವಿಕಾರವಾಗಿ ಕೇಳುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ ಗಣನೆಯಲ್ಲಾದರೋ ಬೀಳುವಿಕೆಯಿಂದ ಪ್ರತಿವರ್ಷ 6,84,000 ಜನ ಸಾಯುತ್ತಾರೆ. ಆಕಸ್ಮಿಕ ಗಾಯಗಳಿಂದಾಗುವ ಮರಣಗಳಲ್ಲಿ ರಸ್ತೆ ಅಪಘಾತದ ನಂತರದ ಸ್ಥಾನ ಇದರದು. ಹೀಗೆ ಸತ್ತವರಲ್ಲಿ ನೂರಕ್ಕೆ ಎಂಬತ್ತಕ್ಕೂ ಮಿಕ್ಕಿದವರು ನಮ್ಮಂಥ ಬಡ ಮತ್ತು ಮಧ್ಯಮ ವರಮಾನದ ದೇಶಗಳವರು. ಗ್ರಹಗತಿಯು ದೇಶದ ವರಮಾನವನ್ನು ನೋಡಿ ಬಾಧಿಸುವುದೆಂದು ಯಾವ ಜ್ಯೋತಿಷ್ಯಶಾಸ್ತ್ರವೂ ಹೇಳುವುದಿಲ್ಲವಾದುದರಿಂದ, ಇದಕ್ಕೆ ಬೇರೆ ಕಾರಣಗಳನ್ನು ಹುಡುಕುವುದೇ ಯುಕ್ತ.

ಮನುಷ್ಯನು ನೆಟ್ಟಗೆ ನಿಲ್ಲುವುದು ಸುಲಭವಾಗಿ ಕಂಡರೂ, ಒಳಗೆ ನಡೆಯುವ ವ್ಯವಹಾರ ಅತಿ ಜಟಿಲವಾದುದು. ದೇಹವು ಎತ್ತ ವಾಲುತ್ತಿದೆಯೆಂಬುದನ್ನು ಮಿದುಳಿಗೆ ತಿಳಿಸುವವು ಕಣ್ಣು, ಒಳಕಿವಿಯ ಸಮತೋಲದ ಅಂಗಗಳು, ಮತ್ತು ಅಂಗಾಲು, ಹರಡು, ಮೊಣಕಾಲುಗಳಲ್ಲಿ ಹುದುಗಿರುವ ಸ್ಪರ್ಶದ ಹಾಗೂ ಕೀಲಿನ ಅರಿವು. ಪಂಚಾಯಿತಿ ಕಟ್ಟೆಗೆ ಬಂದ ಮೂವರು ಸಾಕ್ಷಿಗಳ ಹಾಗೆ ಇವು ಹೇಳಿದ್ದನ್ನು ತಾಳೆನೋಡಿ ಮಿದುಳು ತೀರ್ಪು ಕೊಡುತ್ತದೆ, ಸ್ನಾಯುಗಳು ಆ ತೀರ್ಪನ್ನು ಜಾರಿಮಾಡುತ್ತವೆ. ನಮ್ಮಲ್ಲಿ ಒಬ್ಬೊಬ್ಬರದೂ ಒಂದೊಂದು ಕೊರತೆ. ಪೋಲಿಯೊ ಆದವನಿಗೆ ಅರಿವೆಲ್ಲ ಇದ್ದರೂ ಜಾರಿಮಾಡುವ ಸ್ನಾಯುವಿಲ್ಲ. ಕೃತಕ ಕಾಲು ತೊಟ್ಟವನಿಗೆ ಅಂಗಾಲಿನ ವರದಿಯೇ ಬರುವುದಿಲ್ಲ. ಕುಷ್ಠದಿಂದಲೋ ಸಕ್ಕರೆ ಕಾಯಿಲೆಯಿಂದಲೋ ಪಾದ ಜೋಮುಗಟ್ಟಿದವನಿಗೆ ಸ್ನಾಯು ಗಟ್ಟಿಯಾಗಿದ್ದರೂ ನೆಲ ತಿಳಿಯುವುದಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ರೋಂಬರ್ಗ್ ಎಂಬ ವೈದ್ಯನು ರೋಗಿಯನ್ನು ಪಾದ ಜೋಡಿಸಿ ನಿಲ್ಲಿಸಿ ಕಣ್ಣು ಮುಚ್ಚಿಸುವ ಪರೀಕ್ಷೆಯೊಂದನ್ನು ಬಳಕೆಗೆ ತಂದನು. ಕಾಲಿನ ಅರಿವು ಕೆಟ್ಟವರು ಕಣ್ಣು ತೆರೆದಿರುವವರೆಗೆ ಸ್ಥಿರವಾಗಿ ನಿಂತಿದ್ದು, ಮುಚ್ಚಿದೊಡನೆ ಓಲಾಡುತ್ತಿದ್ದರು. ಇದನ್ನು ಪುಸ್ತಕದ ಸಂಗತಿಯೆಂದು ತಿಳಿಯಬೇಡಿ. ಬಚ್ಚಲಲ್ಲಿ ನಿಂತು ಮುಖಕ್ಕೆ ಸಾಬೂನು ಹಚ್ಚಿದವನು ಕಣ್ಣು ಮುಚ್ಚಲೇಬೇಕಷ್ಟೆ? ಮಳೆಗಾಲದ ರಾತ್ರಿ ಮರ ಬಿದ್ದು ಕರೆಂಟು ಹೋದಾಗ ಕಣ್ಣಿದ್ದೂ ಏನು ಪ್ರಯೋಜನ? ಎಷ್ಟೋ ಮಂದಿ ಬೀಳುವುದು ಇಂಥ ಹೊತ್ತಿನಲ್ಲಿಯೇ. ಆದುದರಿಂದ ಕುಳಿತು ಮೀಯುವುದೂ, ದಿಂಬಿನ ಪಕ್ಕದಲ್ಲಿ ಟಾರ್ಚು ಇಟ್ಟುಕೊಳ್ಳುವುದೂ ಶಾಸ್ತ್ರಸಮ್ಮತವಾದ ಚಿಕಿತ್ಸೆಗಳು.

ಇನ್ನು ನೆಲದ ಮಾತು. ಜೂನಿನಲ್ಲಿ ಹಿಡಿದ ಮಳೆ ಬಿಡುವಷ್ಟರಲ್ಲಿ ಅಂಗಳದ ಚಪ್ಪಡಿ, ಕಣದ ಸಿಮೆಂಟು, ಕೊಟ್ಟಿಗೆಯ ದಾರಿ ಎಲ್ಲವೂ ಹಸುರು ಪಾಚಿ ಕಟ್ಟಿ, ಎರಡೂ ಕಾಲು ಗಟ್ಟಿಯಿರುವವರನ್ನೇ ಉರುಳಿಸಲು ಸಿದ್ಧವಾಗಿರುತ್ತವೆ. ಅಡಕೆ ದಬ್ಬೆಯನ್ನು ಅಡ್ಡಹಾಸುವ, ಬ್ಲೀಚಿಂಗ್ ಪುಡಿ ಎರಚಿ ತಿಕ್ಕುವ ಹಳೆಯ ಉಪಾಯಗಳನ್ನು ನೀವು ಬಲ್ಲಿರಿ; ಅವನ್ನು ಅಂಗಳದ ಮಧ್ಯಕ್ಕೆ ಮಾತ್ರ ಮಾಡಿ, ಬಚ್ಚಲಿಗೂ ಪಾಯಖಾನೆಗೂ ಹೋಗುವ ಓಣಿಯನ್ನು ಮರೆಯುತ್ತೀರೆಂಬುದೇ ನನ್ನ ಆಕ್ಷೇಪ. ಹಳ್ಳ ದಾಟುವ ಕಾಲುಸಂಕಕ್ಕೆ ಒಂದು ಬದಿಗಾದರೂ ಕೈಪಿಡಿಯಿಲ್ಲದಿದ್ದರೆ ಊರುಗೋಲಿನವನಿಗೆ ಆಚೆ ದಡ ಪರದೇಶವೇ ಸರಿ. ಕೊಡೆಯ ವಿಷಯವಾಗಿಯೂ ಒಂದು ಮಾತು: ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಕೊಡೆ ಹಿಡಿದ ಮನುಷ್ಯನು ಜಾರಿದರೆ ಆಧಾರಕ್ಕೆಂದು ಚಾಚಲು ಅವನಿಗೆ ಮೂರನೆಯ ಕೈಯಿಲ್ಲ. ನಮ್ಮ ಹಿರಿಯರ ಕಂಬಳಿಕೊಪ್ಪೆಯು ಎರಡು ಕೈಗಳನ್ನೂ ಸ್ವತಂತ್ರವಾಗಿ ಬಿಡುತ್ತಿತ್ತು. ನೆನೆದರೆ ಭಾರ, ಪಕ್ಕದ ನೋಟಕ್ಕೆ ಮರೆ ಎಂಬ ದೋಷಗಳನ್ನು ಎಣಿಸಿಯೂ ನಾನು ಕೊಡೆಗಿಂತ ಅದನ್ನು ಮೇಲೆನ್ನುತ್ತೇನೆ. ಹಗುರವಾದ ರೇನ್‌ಕೋಟು ಇನ್ನೂ ಮೇಲು. ಹಿಮ್ಮಡಿಗೆ ಹಿಡಿತವಿಲ್ಲದ ಹವಾಯಿ ಚಪ್ಪಲಿಯನ್ನಂತೂ ಮಳೆಗಾಲ ಮುಗಿಯುವವರೆಗೆ ಅಟ್ಟಕ್ಕೆ ಎಸೆಯಿರಿ.

ಆದರೂ ಪಾಚಿಗಿಂತ ಅಪಾಯಕರವಾದುದು ಮನೆಯವರ ಕರುಣೆ. ಒಮ್ಮೆ ಬಿದ್ದವನಿಗೆ ಮನೆಮಂದಿಯೆಲ್ಲ ಒಕ್ಕೊರಲಿನಿಂದ ಕೊಡುವ ಆದೇಶವೆಂದರೆ, “ನೀನು ಸುಮ್ಮನೆ ಕೂತಿರು ಮಾರಾಯ, ಬೇಕಾದದ್ದನ್ನು ನಾವು ತಂದುಕೊಡುತ್ತೇವೆ” ಎಂಬುದು. ಪ್ರೀತಿಯಿಂದಲೇ ಹೇಳಿದ ಮಾತು, ಸಂದೇಹವಿಲ್ಲ. ಜಗಲಿಯ ಮೂಲೆಯಲ್ಲಿ ಕೂತವನ ತೊಡೆಯ ಸ್ನಾಯು ಕೆಲವೇ ವಾರಗಳಲ್ಲಿ ಕರಗತೊಡಗುತ್ತದೆ; ಹರಡಿನ ಕೀಲು ಬಿಗಿಯುತ್ತದೆ; ಬಹುಕಾಲ ಕೂತು ತಟ್ಟನೆ ಎದ್ದಾಗ ರಕ್ತದೊತ್ತಡ ಕುಸಿದು ಕಣ್ಣು ಕತ್ತಲಿಡುತ್ತದೆ; ಬಿದ್ದೇನೆಂಬ ಭಯವೇ ನಡಿಗೆಯನ್ನು ಗಿಡ್ಡವೂ ಬಿಗಿಯೂ ಆಗಿಸುತ್ತದೆ. ಹೀಗೆ ಬೀಳದಿರಲೆಂದು ಕೂರಿಸಿದವನೇ ಮುಂದಿನ ಸಲ ಇನ್ನೂ ಕೆಟ್ಟದಾಗಿ ಬೀಳುತ್ತಾನೆ, ಆಗ ಮನೆಯವರು ತಮ್ಮ ಎಚ್ಚರಿಕೆ ಸರಿಯಾಗಿತ್ತೆಂದು ನಂಬುತ್ತಾರೆ! ಈ ಚಕ್ರವನ್ನು ಮುರಿಯದೆ ಹಿಡಿಗಂಬಿಯಿಂದಲೂ ಪ್ರಯೋಜನವಿಲ್ಲ, ಊರುಗೋಲಿನಿಂದಲೂ ಇಲ್ಲ.

ಮಲೆನಾಡಿನಲ್ಲಿ ಈ ಮಾತನ್ನಾಡುವಾಗ ಹಂದಿಗೋಡಿನ ನೆನಪು ಬಾರದಿರದು. 1975ರ ಸುಮಾರಿಗೆ ಸಾಗರದ ಬಳಿಯ ಆ ಹಳ್ಳಿಯಿಂದ ಹೊರಜಗತ್ತಿಗೆ ತಿಳಿದುಬಂದ, ಶಿವಮೊಗ್ಗ ಜಿಲ್ಲೆಯಲ್ಲಿಯೂ ನಮ್ಮ ಚಿಕ್ಕಮಗಳೂರು ಜಿಲ್ಲೆಯಲ್ಲಿಯೂ ಕಂಡುಬಂದ ಆ ಕಾಯಿಲೆ ಸೊಂಟದ ಕೀಲುಗಳನ್ನೂ ಬೆನ್ನೆಲುಬನ್ನೂ ಕ್ಷಯಿಸಿ, ದುಡಿಯುವ ಪ್ರಾಯದವರನ್ನು ಬಾಗಿಸಿ, ಕೆಲವರನ್ನು ತೆವಳುವ ಸ್ಥಿತಿಗೆ ತಂದಿತು. ಕೀಟನಾಶಕ ಬೆರೆತ ಗದ್ದೆಯ ಏಡಿ ತಿಂದದ್ದೇ ಕಾರಣವೆಂಬ ಗುಮಾನಿ ಮೊದಮೊದಲು ಬಲವಾಗಿತ್ತು. ಮುಂದಿನ ಸಂಶೋಧನೆಗಳು ಅದನ್ನು ವಂಶಪಾರಂಪರ್ಯವಾಗಿ ಬರುವ ಮೂಳೆ ಬೆಳವಣಿಗೆಯ ದೋಷವೆಂದು ಗುರುತಿಸಿದವು. ಪೀಡಿತರಲ್ಲಿ ಬಹುಪಾಲು ಗದ್ದೆಕೂಲಿಯಿಂದ ಬದುಕುವ ದಲಿತ ಕುಟುಂಬಗಳವರು. ತಜ್ಞರು ಬಂದರು, ರಕ್ತ ತೆಗೆದರು, ಎಕ್ಸ್‌ರೇ ಹಿಡಿದರು. ಅವರ ಶ್ರಮವನ್ನು ನಾನು ಹಳಿಯೆನು. ಆದರೆ ಆ ವ್ಯಾಧಿಗೆ ಮದ್ದಿಲ್ಲವೆಂದು ತಿಳಿದಮೇಲೂ ಮಾಡಬಹುದಾದ ಕೆಲಸವೊಂದು ಉಳಿದೇ ಇತ್ತು: ಸೊಂಟ ಸವೆದವನಿಗೆ ಅಳತೆಗೊಪ್ಪುವ ಊರುಗೋಲು, ಹೊಸ್ತಿಲ ಪಕ್ಕದಲ್ಲಿ ಒಂದು ಹಿಡಿಗೂಟ, ಕೂರಲು ಎತ್ತರದ ಪೀಠ. ರೋಗದ ಕಾರಣವನ್ನು ಹುಡುಕುವ ವಿಜ್ಞಾನಕ್ಕೆ ಕೀರ್ತಿಯುಂಟು, ಹಿಡಿಗೂಟ ನೆಡುವ ವಿಜ್ಞಾನಕ್ಕೆ ಕೀರ್ತಿಯಿಲ್ಲವೆಂಬುದೇ ಇಲ್ಲಿಯ ಕೊರತೆಯೆಂದು ನನಗೆ ತೋರುತ್ತದೆ.

ಊರುಗೋಲಿನ ಪ್ರಸ್ತಾಪ ಬಂದದ್ದರಿಂದ ಅದರಲ್ಲಿಯೇ ತುಸು ನಿಲ್ಲುತ್ತೇನೆ. ನಮ್ಮ ಸೀಮೆಯಲ್ಲಿ ಕಾಫಿಗಿಡದ ಕಾಂಡದಿಂದ ಮಾಡಿದ ಕೋಲುಗಳು ನೋಡಲು ಚೆಲುವು, ಹಿಡಿಯಲು ಗಟ್ಟಿ. ಆದರೆ ಅಂಗಡಿಯಲ್ಲಿ ಸಿಕ್ಕಿದ ಉದ್ದವನ್ನೇ ದೈವದತ್ತವೆಂದು ತಿಳಿದು ಮೋಟು ಮನುಷ್ಯನು ಭುಜ ಎತ್ತಿಕೊಂಡೂ, ನೀಳ ಮನುಷ್ಯನು ಗೂನುಬೆನ್ನಾಗಿಯೂ ನಡೆಯುತ್ತಾರೆ. ಚಪ್ಪಲಿ ಮೆಟ್ಟಿ ನೆಟ್ಟಗೆ ನಿಂತು ತೋಳನ್ನು ಇಳಿಬಿಟ್ಟಾಗ ಮಣಿಕಟ್ಟಿನ ಗೆರೆ ಎಲ್ಲಿ ಬರುವುದೋ ಅಲ್ಲಿಗೆ ಕೋಲಿನ ಹಿಡಿ ಬರಬೇಕು. ತುದಿಗೆ ರಬ್ಬರ್ ಬುಷ್ ಇರಬೇಕು, ಅದರ ತಳದ ಗೆರೆಗಳು ಸವೆದೊಡನೆ ಬದಲಿಸಬೇಕು. ಸವೆದ ಬುಷ್ ಒದ್ದೆ ಸಿಮೆಂಟಿನ ಮೇಲೆ ಬರಿಯ ಕೋಲಿನಷ್ಟೇ ಜಾರುತ್ತದೆ. ಇನ್ನು ಯಾವ ಕೈಯಲ್ಲಿ ಹಿಡಿಯಬೇಕು? ಸಿನಿಮಾದ ಕುಂಟರೆಲ್ಲ ನೋವಿನ ಕಾಲಿನ ಕಡೆಯ ಕೈಯಲ್ಲಿ ಹಿಡಿಯುತ್ತಾರೆ, ಅವರನ್ನು ನೋಡಿ ನಮ್ಮವರೂ ಹಾಗೆಯೇ ಹಿಡಿಯುತ್ತಾರೆ. ಹಿಡಿಯಬೇಕಾದುದು ಎದುರು ಬದಿಯ ಕೈಯಲ್ಲಿ. ನಡೆಯುವಾಗ ಒಂಟಿಕಾಲಿನ ಮೇಲೆ ನಿಂತ ಕ್ಷಣದಲ್ಲಿ ಆ ಸೊಂಟದ ಕೀಲು ದೇಹದ ತೂಕದ ಸುಮಾರು ಎರಡೂವರೆಯಿಂದ ಮೂರು ಪಟ್ಟು ಭಾರ ಹೊರುತ್ತದೆ. ಎದುರು ಕೈಯ ಕೋಲಿನ ಮೇಲೆ ಅಲ್ಪ ಬಲ ಊರಿದರೂ, ಕೀಲಿನಿಂದ ದೂರದಲ್ಲಿರುವ ಕಾರಣ, ಆ ಭಾರ ಬಹಳಷ್ಟು ಇಳಿಯುತ್ತದೆ. ಬಲಹೀನ ಕಾಲೂ ಕೋಲೂ ಜೊತೆಯಾಗಿ ಮುಂದೆ ಹೋಗಲಿ. ಮೆಟ್ಟಿಲು ಹತ್ತುವಾಗ ಗಟ್ಟಿಕಾಲು ಮೊದಲು, ಇಳಿಯುವಾಗ ಬಲಹೀನ ಕಾಲು ಮೊದಲು. 1956ರಲ್ಲಿ ಅಮೆರಿಕದ ಮೂಳೆವೈದ್ಯ ವಾಲ್ಟರ್ ಬ್ಲೌಂಟರು ಊರುಗೋಲನ್ನು ಬಿಸಾಡಬೇಡಿರೆಂದು ತಮ್ಮ ಸಹವೈದ್ಯರಿಗೆ ಪ್ರಬಂಧವನ್ನೇ ಬರೆದರು. ಶಸ್ತ್ರಚಿಕಿತ್ಸಕನೊಬ್ಬನು ಕೋಲಿನ ಪಕ್ಷ ವಹಿಸಿದ್ದು ಸಾಮಾನ್ಯ ಸಂಗತಿಯಲ್ಲ. ಕೋಲು ಹಿಡಿದರೆ ಮುದುಕನಾದಂತೆ ಎಂದು ನಾಚುವವರಿಗೆ ನಾನು ಹೇಳುವುದಿಷ್ಟೆ: ಚರಂಡಿಯಲ್ಲಿ ಮಲಗಿರುವಾಗ ಯಾರೂ ಪ್ರಾಯದವರಂತೆ ಕಾಣುವುದಿಲ್ಲ.

ಅಭ್ಯಾಸದ ವಿಷಯಕ್ಕೆ ಬರೋಣ. ಮನೆಗಳಲ್ಲಿ ವಾಸಿಸುವ ವೃದ್ಧರನ್ನು ಕುರಿತ 108 ಪ್ರಯೋಗಗಳನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟವಾದ ಕಾಕ್ರೇನ್ ಸಮೀಕ್ಷೆಯು, ವ್ಯಾಯಾಮದಿಂದ ಬೀಳುವಿಕೆ ನೂರಕ್ಕೆ ಇಪ್ಪತ್ತಮೂರರಷ್ಟು ತಗ್ಗಿತೆಂದು ಕಂಡಿತು. ನಮ್ಮ ದೇಹಗಳು ಬೇರೆ ಬೇರೆಯಾದುದರಿಂದ ಆ ಅಂಕಿಯನ್ನು ನಮಗೆ ಹಾಗೆಯೇ ಅಂಟಿಸಿಕೊಳ್ಳಲಾಗದಾದರೂ ದಾರಿ ಅದೇ. ಅಡಿಗೆಮನೆಯ ಕಟ್ಟೆ ಹಿಡಿದು ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ನಿಧಾನವಾಗಿ ವರ್ಗಾಯಿಸುವುದು. ಒಂದು ಪಾದದ ಮುಂದೆ ಇನ್ನೊಂದನ್ನಿಟ್ಟು ನಿಲ್ಲುವುದು. ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದು. ಕಟ್ಟೆಯುದ್ದಕ್ಕೂ ಅಡ್ಡಹೆಜ್ಜೆ ಹಾಕುವುದು. ಪಕ್ಕದಲ್ಲಿ ಒಬ್ಬರಿರಲಿ, ಅವರು ಸೊಂಟದ ಬಳಿ ಕೈಯಿಟ್ಟುಕೊಂಡಿರಲಿ, ರಟ್ಟೆ ಹಿಡಿದು ಜಗ್ಗದಿರಲಿ. ಪೋಲಿಯೊದವರಿಗೆ ವಿಶೇಷ ಎಚ್ಚರಿಕೆ ಬೇಕು: ರೋಗ ಬಂದು ದಶಕಗಳಾದಮೇಲೆ ಹೊಸದಾಗಿ ಸ್ನಾಯು ಸೋಲುವುದುಂಟು, ಅಂಥವರು ದಣಿವಾಗುವಷ್ಟು ಮಾಡಿದರೆ ಲಾಭಕ್ಕಿಂತ ನಷ್ಟವೇ ಹೆಚ್ಚು. ಭಾರತದಲ್ಲಿ ನಿಸರ್ಗಜನ್ಯ ಪೋಲಿಯೊ ವೈರಸ್ಸಿನ ಕಡೆಯ ಪ್ರಕರಣ 2011ರ ಜನವರಿಯಲ್ಲಿ ದಾಖಲಾಯಿತು. ನಮ್ಮ ಹಿಂದೆ ಬರುವ ಪೀಳಿಗೆಯಿಲ್ಲವೆಂಬುದು ಪರಮ ಸಂತೋಷ. ಆದರೆ ಈಗ ಮುಪ್ಪಾಗುತ್ತಿರುವ ನಮ್ಮ ಕಾಲುಗಳ ವಿದ್ಯೆಯನ್ನು ಹೊಸ ವೈದ್ಯರು ಕಲಿಯದೆ ಹೋಗುವ ಭಯವೂ ಅದರೊಡನೆ ಬಂದಿದೆ.

ಕೃತಕ ಕಾಲಿನವರಿಗೆ ನೆರವಾದ ಜೈಪುರ ಪಾದವನ್ನು ಇಲ್ಲಿ ಸ್ಮರಿಸುವುದು ನ್ಯಾಯ. 1960ರ ದಶಕದ ಕೊನೆಯಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮರೂ ವೈದ್ಯ ಪ್ರಮೋದ ಕರಣ ಸೇಠಿಯವರೂ ಕೂಡಿ ರೂಪಿಸಿದ ಆ ರಬ್ಬರ್ ಪಾದವು ಬರಿಗಾಲಿನಲ್ಲಿ ಕೆಸರು ತುಳಿಯುವವನನ್ನೂ, ಕುಕ್ಕರಗಾಲಿನಲ್ಲಿ ಕೂರುವವನನ್ನೂ ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿತು. ಏರುಪೇರಿನ ನೆಲದ ಮೇಲೆ ಹರಡಿನಲ್ಲಿ ಮಣಿಯುವ ಗುಣ ಅದಕ್ಕಿದೆ. ನೆಲವನ್ನು ನೋಡಿ ಪಾದ ಮಾಡಿದರು, ಪಾದವನ್ನು ಮಾಡಿ ನೆಲ ಹುಡುಕಲಿಲ್ಲ.

ಇಷ್ಟೆಲ್ಲ ಮಾಡಿಯೂ ಬೀಳುತ್ತೇವೆ. ಹಾಸನ ಜಿಲ್ಲೆಯ ಎಚ್. ಎನ್. ಗಿರೀಶರು 2012ರ ಲಂಡನ್ ಪ್ಯಾರಾಲಿಂಪಿಕ್ಸಿನಲ್ಲಿ ಊನವಾದ ಕಾಲಿನೊಂದಿಗೆ 1.74 ಮೀಟರು ಎತ್ತರ ಜಿಗಿದು ಬೆಳ್ಳಿ ಗೆದ್ದರು. ಎತ್ತರಜಿಗಿತವೆಂದರೆ ಅರ್ಧ ಹಾರುವ ವಿದ್ಯೆ, ಇನ್ನರ್ಧ ಬೀಳುವ ವಿದ್ಯೆ. ನಮಗೂ ಆ ಇನ್ನರ್ಧ ಬೇಕು. ಬಿದ್ದೊಡನೆ ಏಳಲು ಹವಣಿಸಬೇಡಿ, ಎಬ್ಬಿಸಲು ಓಡಿಬಂದವರನ್ನು ತಡೆಯಿರಿ. ಒಂದು ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ತಿರುಗಿದ್ದರೆ ಸೊಂಟದ ಮೂಳೆ ಮುರಿದಿರುವ ಸಂಭವವಿದೆ. ಹಲಗೆಯ ಮೇಲೆ ಮಲಗಿಸಿಯೇ ಸಾಗಿಸತಕ್ಕದ್ದು. ನೋವಿಲ್ಲವಾದರೆ ಪಕ್ಕಕ್ಕೆ ಹೊರಳಿ, ಅಂಬೆಗಾಲಿಗೆ ಬಂದು, ಗಟ್ಟಿಯಾದ ಜಗಲಿಯನ್ನೋ ಕುರ್ಚಿಯನ್ನೋ ತಲುಪಿ, ಬಲವಾದ ಕಾಲನ್ನು ಮುಂದೂರಿ ಎದ್ದುಕೊಳ್ಳಿ. ಇದನ್ನು ಬೀಳುವ ಮೊದಲೇ, ಚಾಪೆಯ ಮೇಲೆ, ಮನೆಯವರ ಮುಂದೆ ಅಭ್ಯಾಸಮಾಡಿಟ್ಟುಕೊಂಡವನಿಗೆ ಅರ್ಧ ಭಯ ಆಗಲೇ ಹೋಗಿರುತ್ತದೆ. ಮೊಣಕಾಲು ಮಡಿಸಲಾಗದ ಕ್ಯಾಲಿಪರಿನವರು ತಮಗೊಗ್ಗುವ ರೀತಿಯನ್ನು ಫಿಸಿಯೋಥೆರಪಿಸ್ಟರಿಂದ ಕಲಿಯಬೇಕು.

ಕಾನೂನಿನ ವಿಚಾರವಾಗಿ ಹೆಚ್ಚು ಹೇಳುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ 21 ಬಗೆಯ ವೈಕಲ್ಯಗಳನ್ನು ಒಳಗೊಂಡಿದೆ. ಗ್ರಾಮ ಪಂಚಾಯಿತಿಗಳು ತಮ್ಮ ಸ್ವಂತ ವರಮಾನದ ಶೇಕಡ 5ನ್ನು ನಮ್ಮ ಹಿತಕ್ಕಾಗಿ ತೆಗೆದಿಡಬೇಕೆಂಬ ನಿಯಮವೂ ಇದೆ. ಆ ಹಣ ವರ್ಷಾಂತ್ಯದ ಉಡುಗೊರೆಯಾಗಿ ಹಂಚಿಹೋಗುವ ಬದಲು ಕಾಲುಸಂಕದ ಕೈಪಿಡಿಯಾಗಲಿ, ಬಚ್ಚಲ ಗೋಡೆಯ ಕಬ್ಬಿಣದ ಹಿಡಿಯಾಗಲಿ ಎಂದು ಗ್ರಾಮಸಭೆಯಲ್ಲಿ ಎದ್ದುನಿಂತು ಕೇಳಿರಿ. ಹಿಡಿಯೆಂದರೆ ಗೋಡೆಗೆ ಬೋಲ್ಟು ಹಾಕಿ ಬಿಗಿದದ್ದು. ಟವೆಲು ತೂಗುವ ಸರಳು ಮನುಷ್ಯನ ತೂಕ ತಡೆಯಲಾರದು. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಮಳೆಗಾಲಕ್ಕೆ ಮುನ್ನ, ಮೇ ತಿಂಗಳಿನಲ್ಲಿಯೇ, ಪ್ರತಿ ಅಂಗವಿಕಲನ ಮನೆಯ ಬಚ್ಚಲನ್ನೂ ಹೊಸ್ತಿಲನ್ನೂ ಅಂಗಳವನ್ನೂ ನೋಡಿಬರುವ ಪದ್ಧತಿ ಈ ಮಲ್ಲಂದೂರಿನಿಂದ ಆರಂಭವಾಗಲೆಂಬುದು ನನ್ನ ಸೂಚನೆ. ನಿರ್ಣಯರೂಪದಲ್ಲಿ ಅದನ್ನು ಸಂಜೆಯ ಬಹಿರಂಗ ಅಧಿವೇಶನದ ಮುಂದಿಡುತ್ತೇನೆ.

ಸ್ವಾಗತ ಸಮಿತಿಯವರು ಊಟದ ಮನೆಯ ಪಕ್ಕದ ಕೊಠಡಿಯಲ್ಲಿ ಅಳತೆಪಟ್ಟಿ, ಗರಗಸ, ಬೇರೆ ಬೇರೆ ಗಾತ್ರದ ರಬ್ಬರ್ ಬುಷ್‌ಗಳನ್ನು ಇರಿಸಿದ್ದಾರೆ. ಊಟವಾದಮೇಲೆ ತಮ್ಮ ತಮ್ಮ ಕೋಲುಗಳನ್ನು ಅಲ್ಲಿಗೆ ಒಯ್ದು ಅಳೆಯಿಸಿಕೊಳ್ಳಬೇಕೆಂದೂ, ಉದ್ದವಾದವನ್ನು ಕೊಯ್ಯಿಸುವಾಗ ಮಮತೆ ತೋರಬಾರದೆಂದೂ ವಿನಂತಿಸಿ, ಮುಂದಿನ ಗೋಷ್ಠಿಗೆ ಎಡೆಮಾಡಿಕೊಡುತ್ತೇನೆ.