ಯಾರ ಜಗಲಿಯಿಂದ ನೋಡುತ್ತೇವೆ?



ಸಮಾಜಶಾಸ್ತ್ರದ ಪರಿಚಯ ಮಾಡಿಕೊಡಿ ಎಂದು ಈ ದತ್ತಿಯನ್ನು ಸ್ಥಾಪಿಸಿದವರು ಕೇಳಿಕೊಂಡಿದ್ದಾರೆ. ಕಾಮ್ಟ್, ಡರ್ಖೈಮ್, ವೆಬರ್ ಇವರಿಂದ ಶುರು ಮಾಡುವುದು ತರಗತಿಯ ವಾಡಿಕೆ. ನಾನಾದರೋ, ನಾವು ಕುಳಿತಿರುವ ಚೆನ್ನೈನ ಈ ಕ್ರೋಂಪೇಟೆಯಿಂದಲೇ ಶುರು ಮಾಡುತ್ತೇನೆ.

ಇದು ಚರ್ಮದಿಂದ ಬೆಳೆದ ಊರು. ಚೇಂಬರ್ಸ್ ಎಂಬ ಉದ್ಯಮಿ ಕಳೆದ ಶತಮಾನದ ಆರಂಭದ ದಶಕಗಳಲ್ಲಿ ಕಟ್ಟಿದ ಕ್ರೋಮ್ ಲೆದರ್ ಕಂಪನಿಯಿಂದ ಊರಿಗೆ ಹೆಸರೂ ಬಂತು, ಜನರೂ ಬಂದರು. ಅದಕ್ಕೂ ಮೊದಲು ಮದರಾಸಿನಲ್ಲಿ ಕ್ರೋಮ್ ಹದದ ಪ್ರಯೋಗ ನಡೆಸಿದವರು ಆಲ್‌ಫ್ರೆಡ್ ಚಾಟರ್ಟನ್. ಬಾವಿಯಿಂದ ನೀರೆತ್ತುವ ಕಪಿಲೆಯ ಚರ್ಮದ ಬಾನಿ ನೀರಿನಲ್ಲಿ ಬೇಗ ಕೊಳೆಯುತ್ತಿತ್ತು. ಕ್ರೋಮ್ ಚರ್ಮವಾದರೆ ತಾಳೀತು ಎಂಬ ಲೆಕ್ಕವೂ ಅವರಿಗಿತ್ತು. ಇದೇ ಚಾಟರ್ಟನ್ ಮುಂದೆ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಮೈಸೂರಿನ ಕೈಗಾರಿಕಾ ಇಲಾಖೆಯ ನಿರ್ದೇಶಕರಾದರು. ಕನ್ನಡ ನಾಡಿಗೂ ಈ ಊರಿಗೂ ಇರುವ ನಂಟು ಉಡುಪಿ ಹೋಟೆಲುಗಳಿಗಿಂತ ಹಳೆಯದು.

ಹಸಿ ಚರ್ಮ ಎರಡು ದಿನ ಬಿಟ್ಟರೆ ಕೊಳೆಯುತ್ತದೆ. ಉಪ್ಪು ಹಾಕಿ ತಂದದ್ದನ್ನು ತೊಳೆದು ಸುಣ್ಣದ ತೊಟ್ಟಿಗೆ ಇಳಿಸುತ್ತಾರೆ. ಕೂದಲು ಸಡಿಲವಾದ ಮೇಲೆ ಹೆರೆಯುತ್ತಾರೆ, ಒಳಗಿನ ಮಾಂಸ ಕೀಳುತ್ತಾರೆ. ಹಿಂದೆ ತಂಗಡಿ ತೊಗಟೆಯ ನೀರಿನಲ್ಲಿ ವಾರಗಟ್ಟಲೆ ನೆನೆಸುತ್ತಿದ್ದರು. ಕ್ರೋಮಿಯಂ ಲವಣ ತುಂಬಿದ, ಆಳೆತ್ತರದ ಮರದ ಪೀಪಾಯಿ ತಿರುಗತೊಡಗಿದ ಮೇಲೆ ಆ ಕೆಲಸ ಒಂದೆರಡು ದಿನದ್ದಾಯಿತು. ಪೀಪಾಯಿಯಿಂದ ಹೊರಬರುವ ಒದ್ದೆ ಚರ್ಮಕ್ಕೆ ತಿಳಿನೀಲಿ ಬಣ್ಣ. ‘ವೆಟ್ ಬ್ಲೂ’ ಅನ್ನುತ್ತಾರೆ. ರಾಸಾಯನಿಕ ಹೊಸದು, ಯಂತ್ರ ಹೊಸದು, ಮಾರುಕಟ್ಟೆ ಸಮುದ್ರದಾಚೆಯದು. ಸುಣ್ಣದ ತೊಟ್ಟಿಗೆ ಇಳಿದ ಕೈಗಳು ಮಾತ್ರ ಬಹುಮಟ್ಟಿಗೆ ಯಾರವಾಗಿದ್ದವೋ ಅವರವೇ. ತಮಿಳುನಾಡಿನ ಚರ್ಮೋದ್ಯಮದಲ್ಲಿ ವ್ಯಾಪಾರದ ದೊಡ್ಡ ಪಾಲು ಮುಸ್ಲಿಂ ವರ್ತಕರ ಕೈಯಲ್ಲಿತ್ತು. ಒದ್ದೆ, ನಾತದ ಕೆಲಸ ದಲಿತರ ಮತ್ತು ಬಡ ಮುಸ್ಲಿಮರ ಪಾಲಿಗೆ ಬಂತು. ಸಮಗಾರ ಹರಳಯ್ಯನ ಕತೆ ಕೇಳಿ ಬೆಳೆದ ನಮಗೆ ಇದರಲ್ಲಿ ಆಶ್ಚರ್ಯವಿಲ್ಲ. ಆಶ್ಚರ್ಯವಿಲ್ಲದಿರುವುದೇ ನಮ್ಮನ್ನು ಯೋಚನೆಗೆ ಹಚ್ಚಬೇಕು.

ಇದೇ ಊರಿನಲ್ಲಿ 1949ರಲ್ಲಿ ಸಿ. ರಾಜಂ ಅವರು ಮದರಾಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಆರಂಭಿಸಿದರು. ಅಬ್ದುಲ್ ಕಲಾಂ ವಿಮಾನ ಎಂಜಿನಿಯರಿಂಗ್ ಓದಿದ್ದು ಇಲ್ಲಿ. ನಾಗಲ್‌ಕೇಣಿಯ ಹದಗಾರಿಕೆಗಳೂ ಇದೇ ಊರಿನವು. ಒಬ್ಬ ಹುಡುಗ ವಿಮಾನದ ರೆಕ್ಕೆಯ ಲೆಕ್ಕ ಹಾಕುತ್ತಾನೆ, ಅದೇ ವಯಸ್ಸಿನ ಇನ್ನೊಬ್ಬ ಚರ್ಮ ಹೊರುತ್ತಾನೆ. ಕೇಳಿದರೆ ಮೊದಲನೆಯವನು ‘ಕಷ್ಟಪಟ್ಟು ಓದಿದೆ’ ಎನ್ನುತ್ತಾನೆ, ಎರಡನೆಯವನು ‘ನಮ್ಮ ಹಣೆಬರಹ’ ಎನ್ನುತ್ತಾನೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆದರೆ ಇಬ್ಬರ ಉತ್ತರದಲ್ಲೂ ಅಪ್ಪನ ಕೆಲಸ, ಅಜ್ಜನಿಗೆ ಶಾಲೆಯ ಬಾಗಿಲು ತೆರೆದಿತ್ತೋ ಮುಚ್ಚಿತ್ತೋ ಎಂಬುದು, ಮನೆ ಯಾವ ಬೀದಿಯಲ್ಲಿ ಸಿಕ್ಕಿತು ಎಂಬುದು ಕಾಣೆಯಾಗಿರುತ್ತವೆ. ಕಾಣೆಯಾದದ್ದನ್ನು ಹುಡುಕಿ ತಂದು ಬದುಕಿನ ಪಕ್ಕದಲ್ಲಿಟ್ಟು ನೋಡುವುದೇ ಸಮಾಜಶಾಸ್ತ್ರದ ಕಣ್ಣು. ಅಮೆರಿಕದ ಸಿ. ರೈಟ್ ಮಿಲ್ಸ್ 1959ರ ತಮ್ಮ ಪುಸ್ತಕದಲ್ಲಿ ಮಂಡಿಸಿದ್ದು ಇದನ್ನೇ: ಒಬ್ಬ ಕೆಲಸ ಕಳೆದುಕೊಂಡರೆ ಅವನ ಗುಣದೋಷ ನೋಡಬಹುದು; ಲಕ್ಷಾಂತರ ಜನ ಕಳೆದುಕೊಂಡರೆ ನೋಡಬೇಕಾದದ್ದು ನಾಡಿನ ವ್ಯವಸ್ಥೆಯನ್ನು.

ನಮಗೆ ಇದನ್ನು ಮಿಲ್ಸ್‌ಗಿಂತ ಮೊದಲೇ ಶಿವರಾಮ ಕಾರಂತರು ಕಲಿಸಿದ್ದರು. ‘ಚೋಮನ ದುಡಿ’ ಬಂದಾಗ ದಕ್ಷಿಣ ಕನ್ನಡ ಇದೇ ಮದರಾಸ್ ಪ್ರಾಂತ್ಯದಲ್ಲಿತ್ತು. ಚೋಮನಿಗೆ ಎತ್ತುಗಳಿವೆ, ದುಡಿಯುವ ತೋಳಿದೆ, ಬೇಸಾಯದ ಆಸೆಯಿದೆ. ಹೊಲೆಯನಿಗೆ ಗೇಣಿ ಭೂಮಿ ಕೊಡುವ ಪದ್ಧತಿಯಿಲ್ಲ, ಅಷ್ಟೇ. ಮನಸ್ಸು ಕರಗಿದ ಧಣಿಯೂ ಸಂಪ್ರದಾಯದ ಮುಂದೆ ಹಿಂಜರಿಯುತ್ತಾನೆ. ಕಾದಂಬರಿಯಲ್ಲಿ ದುಷ್ಟನೊಬ್ಬನನ್ನು ಹುಡುಕುವ ಓದುಗನಿಗೆ ನಿರಾಶೆಯಾಗುತ್ತದೆ. ದುಷ್ಟರಿಲ್ಲದೆಯೂ ಅನ್ಯಾಯ ನಡೆಯುವ ಬಗೆಯನ್ನು ನಾನು ಇಷ್ಟು ಸ್ಪಷ್ಟವಾಗಿ ಯಾವ ಪಠ್ಯದಲ್ಲೂ ಓದಿಲ್ಲ.

ಈಗ ನಮ್ಮ ಮಾತಿಗೆ ಬರೋಣ. 2011ರ ಜನಗಣತಿಯ ಪ್ರಕಾರ ತಮಿಳುನಾಡಿನಲ್ಲಿ ಕನ್ನಡ ಮಾತೃಭಾಷೆಯವರು 12 ಲಕ್ಷಕ್ಕೂ ಹೆಚ್ಚು. ಹೊಸೂರು, ಕೃಷ್ಣಗಿರಿಯ ರೈತರು, ಕಂಬಂ ಕಡೆಯ ಕಪ್ಪಿಲಿಯರು, ನೇಕಾರ ದೇವಾಂಗರು, ಇಲ್ಲಿಗೆ ಬಂದ ನೌಕರರು, ಎಲ್ಲರನ್ನೂ ‘ಕನ್ನಡಿಗರು’ ಎಂದು ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಆದರೆ ಅವರೆಲ್ಲ ಒಂದೇ ಪಂಕ್ತಿಯಲ್ಲಿ ಕೂತವರಲ್ಲ. ಹೋಟೆಲ್ ಉದ್ಯಮಿ ಕೃಷ್ಣರಾಯರು 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲು ತೆರೆದದ್ದು ನಮ್ಮ ಹೆಮ್ಮೆ. ಆ ಕಾಲದ ಅನೇಕ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಜಾಗವಿತ್ತು, ರೈಲ್ವೆಯ ಉಪಾಹಾರ ಗೃಹಗಳಲ್ಲೂ ಇತ್ತು. ಪೆರಿಯಾರರ ಹೋರಾಟದ ಬಳಿಕ ರೈಲ್ವೆಯಲ್ಲಿ ಅದು ನಿಂತದ್ದು 1941ರಲ್ಲಿ. ಬ್ರಾಹ್ಮಣ ಅಡಿಗೆ ಎಲ್ಲ ಜಾತಿಯವರೂ ಉಣ್ಣಬಹುದಾದ ಅಡಿಗೆ ಎಂಬ ನಂಬಿಕೆ ಉಡುಪಿ ಹೋಟೆಲಿನ ಬಂಡವಾಳವೂ ಆಗಿತ್ತು. ಅದೇ ಹೋಟೆಲು ಕ್ರಮೇಣ ಪಕ್ಕದ ಕುರ್ಚಿಯವನ ಜಾತಿ ಕೇಳದೆ ಕಾಫಿ ಕುಡಿಯುವ ಅಭ್ಯಾಸವನ್ನೂ ಊರಿಗೆ ಕಲಿಸಿತು. ಎರಡೂ ನಿಜ.

ಬಾಡಿಗೆ ಮನೆ ಹುಡುಕಿದವರು ನಿಮ್ಮಲ್ಲಿ ಬಹಳ ಮಂದಿ ಇದ್ದೀರಿ. ಗೇಟಿನ ಹತ್ತಿರವೇ ಬರುವ ಪ್ರಶ್ನೆ ‘ನೀಂಗ ಸೈವಮಾ?’, ನೀವು ಸಸ್ಯಾಹಾರಿಗಳೇ ಎಂದು. ಹೌದೆಂದವರು ಒಳಗೆ ಹೋಗಿ ನಲ್ಲಿಯ ನೀರು, ಅಡ್ವಾನ್ಸು ವಿಚಾರಿಸುತ್ತಾರೆ. ಅಲ್ಲವೆಂದವರಿಗೆ ಬೆಳಿಗ್ಗೆಯಷ್ಟೇ ಯಾರೋ ಟೋಕನ್ ಕೊಟ್ಟುಹೋದರು ಎಂಬ ಉತ್ತರ. ಹಾಗೆ ವಾಪಸಾದವನು ತನ್ನ ಗ್ರಹಚಾರ ಎಂದುಕೊಳ್ಳುತ್ತಾನೆ. ಮನೆ ಸಿಕ್ಕವನಿಗೆ ಅಂಥದೊಂದು ಗೇಟು ದಾಟಿದ ನೆನಪೂ ಉಳಿಯುವುದಿಲ್ಲ. ಊಟದ ಪ್ರಶ್ನೆಯ ಬೆನ್ನಿಗೆ ಜಾತಿಯ ಪ್ರಶ್ನೆ ನಿಂತಿರುವುದನ್ನು ಕಾಣಬೇಕಾದರೆ ಒಂದು ಬೀದಿಯ ನೂರು ಗೇಟುಗಳ ಉತ್ತರವನ್ನು ಒಟ್ಟಿಗೆ ಇಡಬೇಕು.

ಇಡುವವರು ಯಾರು ಎಂಬುದೂ ಮುಖ್ಯ. ಮೈಸೂರಿನಲ್ಲಿ ಹುಟ್ಟಿ ಬೆಳೆದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರು 1948ರಲ್ಲಿ ಮೈಸೂರಿಗೆ ಸಮೀಪದ ಒಂದು ಹಳ್ಳಿಯಲ್ಲಿ ನೆಲೆಸಿ, ಅದಕ್ಕೆ ‘ರಾಂಪುರ’ ಎಂಬ ಹೆಸರಿಟ್ಟು ಅಧ್ಯಯನ ಮಾಡಿದರು. ಇಳಿದುಕೊಂಡದ್ದು ಒಕ್ಕಲಿಗ ಪಟೇಲರ ಎತ್ತಿನ ಮನೆಯಲ್ಲಿ. ಸ್ನಾನ ಮುಗಿಸಿ ಕ್ಷೌರ ಮಾಡಿಕೊಂಡರೆ ಮೈಲಿಗೆಯಾಯಿತೆಂದು ಪಟೇಲರೇ ಆಕ್ಷೇಪಿಸುತ್ತಿದ್ದರು: ಅಯ್ಯಂಗಾರರ ಹುಡುಗ ಬ್ರಾಹ್ಮಣನ ಹಾಗೆ ಇರಬೇಡವೆ? ‘ಸಂಸ್ಕೃತೀಕರಣ’, ‘ಪ್ರಬಲ ಜಾತಿ’ ಎಂದು ನಾವು ಇಂದು ಸಲೀಸಾಗಿ ಬಳಸುವ ಪರಿಕಲ್ಪನೆಗಳು ಅವರವು. 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಅವರ ಟಿಪ್ಪಣಿಗಳು ಸಿಕ್ಕಿದವು. ನೆನಪನ್ನು ಊರುಗೋಲು ಮಾಡಿಕೊಂಡು ‘ದಿ ರಿಮೆಂಬರ್ಡ್ ವಿಲೇಜ್’ ಬರೆದರು, 1976ರಲ್ಲಿ ಅದು ಪ್ರಕಟವಾಯಿತು. ಮೇಲ್ಜಾತಿಯವರ ಜಗಲಿಯಿಂದ ಕಂಡ ಹಳ್ಳಿ ಇದು, ದಲಿತ ಕೇರಿಯ ಒಳಗು ತಮಗೆ ಅಷ್ಟಾಗಿ ದಕ್ಕಲಿಲ್ಲ ಎಂಬುದನ್ನು ಅವರೇ ಒಪ್ಪಿದ್ದರು. ಆ ಪ್ರಾಮಾಣಿಕತೆಗೆ ನಾನು ತಲೆಬಾಗುತ್ತೇನೆ. ಆದರೂ ಕೇರಿಯಿಂದ ಬರೆದ ರಾಂಪುರ ಬೇರೆಯೇ ಪುಸ್ತಕವಾಗುತ್ತಿತ್ತು. ಅಂಬೇಡ್ಕರರು 1936ರಲ್ಲೇ, ಜಾತಿ ಕೆಲಸವನ್ನಷ್ಟೇ ಅಲ್ಲ, ಕೆಲಸಗಾರರನ್ನೂ ಮೇಲುಕೀಳಾಗಿ ಹಂಚುತ್ತದೆ ಎಂದು ವಾದಿಸಿದ್ದರ ಹಿಂದೆ ಅವರು ನಿಂತಿದ್ದ ಜಾಗವೂ ಇತ್ತು.

ಆದ್ದರಿಂದ ದತ್ತಿಯ ಹಿರಿಯರಲ್ಲಿ ಒಂದು ಕೋರಿಕೆ. ಬರುವ ವರ್ಷದ ಬಡ್ಡಿಯನ್ನು ನನ್ನಂಥವರ ಇನ್ನೊಂದು ಉಪನ್ಯಾಸಕ್ಕೆ ಖರ್ಚು ಮಾಡಬೇಡಿ. ನಾಗಲ್‌ಕೇಣಿಯ ಹದಗಾರಿಕೆಯ ಕುಟುಂಬದಿಂದ ಬಂದು ಕಾಲೇಜು ಓದುತ್ತಿರುವ ಒಬ್ಬ ಹುಡುಗಿಗೋ ಹುಡುಗನಿಗೋ ಆ ಹಣ ಕೊಡಿ. ತನ್ನ ಬೀದಿಯ ಮನೆಮನೆಗೆ ಹೋಗಿ ಯಾರು ಎಲ್ಲಿಂದ ಬಂದರು, ಪೀಪಾಯಿಯ ಕೆಲಸ ಯಾರಿಗೆ ಬಿತ್ತು, ಯಾರ ಮಗಳು ಎಷ್ಟನೆಯ ತರಗತಿಗೆ ಶಾಲೆ ಬಿಟ್ಟಳು, ಬಾವಿಯ ನೀರು ಕೆಟ್ಟ ಮೇಲೆ ಕುಡಿಯುವ ನೀರಿಗೆ ತಿಂಗಳಿಗೆ ಎಷ್ಟು ಖರ್ಚಾಗುತ್ತಿದೆ ಎಂದು ಕೇಳಿ ಬರೆಯಲಿ. ತಮಿಳಿನಲ್ಲೇ ಬರೆಯಲಿ. ಕನ್ನಡಕ್ಕೆ ತರುವ ಕೆಲಸ ನನಗಿರಲಿ.