ದಾದಿಯ ಓದು: ಸಾಲವೆಷ್ಟು, ಸಂಬಳವೆಷ್ಟು?

(ತೊರಪಲ್ಲಿ ಅಗ್ರಹಾರದ ಪೋಷಕರ ಸಭೆಯಲ್ಲಿ ಕನ್ನಡ ಶಿಕ್ಷಕಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ಪ್ಲಸ್ ಟು ಓದುತ್ತಿರುವ ಹೆಣ್ಣುಮಕ್ಕಳ ಮನೆಗಳಿಂದ ಈ ವರ್ಷ ನನಗೆ ಬಂದ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಮೇಡಂ, ಮಗಳನ್ನು ನರ್ಸಿಂಗ್‌ಗೆ ಸೇರಿಸೋಣವೇ? ಸಾಲ ಮಾಡಬೇಕಾಗುತ್ತೆ." ಸೇರಿಸಿ, ಒಳ್ಳೆಯ ಓದು, ಗೌರವದ ಕೆಲಸ. ಆದರೆ ಎಷ್ಟು ಸಾಲ ಎಂದು ತಿಳಿಯದೆ ನಾನು ಹೂಂ ಅನ್ನಲಾರೆ. ನಾನು ಕನ್ನಡ ಪಾಠದವಳು, ಗಣಿತದವಳಲ್ಲ. ಆದರೂ ಈ ಲೆಕ್ಕ ಟೊಮೇಟೊ ಬೆಳೆಗೆ ಹಾಕಿದ ಖರ್ಚನ್ನು ಎಣಿಸುವುದಕ್ಕಿಂತ ಕಷ್ಟದ್ದೇನಲ್ಲ.

ಮೊದಲು ಓದಿನ ವಿಷಯ. ಬಿ.ಎಸ್ಸಿ. ನರ್ಸಿಂಗ್ 4 ವರ್ಷದ್ದು. ಅದಕ್ಕೆ ಪ್ಲಸ್ ಟುವಿನಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. ಜಿ.ಎನ್.ಎಂ. ಡಿಪ್ಲೊಮಾ 3 ವರ್ಷದ್ದು. ಅದಕ್ಕೆ ವಿಜ್ಞಾನವೇ ಆಗಬೇಕೆಂಬ ಕಡ್ಡಾಯವಿಲ್ಲ. ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿ, ಆಮೇಲೆ 2 ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮಾಡಿಕೊಳ್ಳುವ ದಾರಿಯೂ ಉಂಟು. ಕೈಯಲ್ಲಿ ಹಣವಿಲ್ಲದ ಮನೆಗೆ ಇದು ಚಿಕ್ಕ ದಾರಿಯಲ್ಲ, ಜಾಣ ದಾರಿ ಎಂದೇ ನನ್ನ ಅಭಿಪ್ರಾಯ.

ಇನ್ನು ಸಾಲ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 4 ಲಕ್ಷದವರೆಗೆ ಆಸ್ತಿ ಅಡಮಾನ ಕೇಳುವುದಿಲ್ಲ, ತಂದೆ ಅಥವಾ ತಾಯಿ ಜೊತೆಗೆ ಸಹಿ ಹಾಕಬೇಕು. ಓದಿನ ಅವಧಿ ಮತ್ತು ಅದರ ಮೇಲೆ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ. ಇಲ್ಲಿಯೇ ನಮ್ಮವರು ಮೋಸಹೋಗುವುದು. ಕಂತು ನಿಂತಿರುತ್ತದೆ, ಬಡ್ಡಿ ನಿಂತಿರುವುದಿಲ್ಲ.

ವರ್ಷಕ್ಕೆ ಒಂದು ಲಕ್ಷದಂತೆ 4 ವರ್ಷಕ್ಕೆ 4 ಲಕ್ಷ ತೆಗೆದಿರಿ, ಬಡ್ಡಿ ನೂರಕ್ಕೆ 10 ಎಂದುಕೊಳ್ಳಿ. ಮೊದಲ ಲಕ್ಷದ ಮೇಲೆ 5 ವರ್ಷದ ಬಡ್ಡಿ 50 ಸಾವಿರ, ಎರಡನೆಯದಕ್ಕೆ 40, ಮೂರನೆಯದಕ್ಕೆ 30, ಕೊನೆಯದಕ್ಕೆ 20. ಮಗಳು ಮೊದಲ ಕಂತು ಕಟ್ಟುವ ದಿನ ಸಾಲ 5 ಲಕ್ಷ 40 ಸಾವಿರ ಆಗಿರುತ್ತದೆ. ಅದನ್ನು 10 ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 7,100 ರೂಪಾಯಿ. ಸಾಲ 6 ಲಕ್ಷವಾದರೆ ಕಂತು 10,700. ಎರಡೇ ಲಕ್ಷವಾದರೆ 3,600ರ ಒಳಗೆ.

ಈಗ ಸಂಬಳ. ಹೊಸೂರಿನಲ್ಲಿ, ಬೆಂಗಳೂರಿನಲ್ಲಿ ಖಾಸಗಿ ಆಸ್ಪತ್ರೆ ಸೇರಿದ ನಮ್ಮ ಹಳೆಯ ವಿದ್ಯಾರ್ಥಿನಿಯರು ಹೇಳುವ ಮೊದಲ ಸಂಬಳ 15ರಿಂದ 20 ಸಾವಿರ. 18 ಎಂದಿಟ್ಟುಕೊಳ್ಳೋಣ. 7,100 ಕಂತು ಹೋದರೆ ಊಟ, ಹಾಸ್ಟೆಲು, ಬಸ್ಸಿಗೆ 10,900 ಉಳಿಯಿತು; ಬಿಗಿ, ಆದರೂ ನಡೆಯುತ್ತದೆ. 10,700 ಹೋದರೆ 7,300. ಬೆಂಗಳೂರಿನಲ್ಲಿ ಅದರಲ್ಲಿ ಬದುಕಲಾಗದು. ಆಗ ಕಂತು ನಿಮ್ಮ ಹಾಲಿನ ಹಣದಿಂದ, ಹೂವಿನ ಹಣದಿಂದ ಹೋಗಬೇಕು. ಆದ್ದರಿಂದ 4 ಲಕ್ಷದ ಗೆರೆ ದಾಟಬೇಡಿ ಎನ್ನುತ್ತೇನೆ.

ಸರ್ಕಾರಿ ಕೆಲಸ ಸಿಗುವುದಿಲ್ಲವೇ ಎಂದು ಕೇಳುತ್ತೀರಿ. ಕೇಂದ್ರದ ಏಮ್ಸ್ ಆಸ್ಪತ್ರೆಗಳಲ್ಲಿ ಏಳನೇ ವೇತನ ಆಯೋಗದ ಪ್ರಕಾರ ನರ್ಸಿಂಗ್ ಆಫೀಸರ್ ಮೂಲವೇತನವೇ 44,900. ಆದರೆ 2015ರಲ್ಲಿ ತಮಿಳುನಾಡು ಸರ್ಕಾರ ಗುತ್ತಿಗೆಯ ಮೇಲೆ ನರ್ಸ್‌ಗಳನ್ನು ತೆಗೆದುಕೊಂಡಾಗ ಕೊಟ್ಟಿದ್ದು ತಿಂಗಳಿಗೆ 7,700. ಹೋರಾಟವಾದ ಮೇಲೆ ಏರಿತು. ಸುಪ್ರೀಂ ಕೋರ್ಟಿನ 2016ರ ಆದೇಶದಂತೆ ನೇಮಕವಾದ ಸಮಿತಿ, 50ಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯೂ 20 ಸಾವಿರಕ್ಕೆ ಕಡಿಮೆ ಕೊಡಬಾರದೆಂದಿತು. ಕೇರಳದ ನರ್ಸ್‌ಗಳು ಹೋರಾಡಿ 2018ರಲ್ಲಿ ಆ 20 ಸಾವಿರವನ್ನು ಕನಿಷ್ಠ ವೇತನವಾಗಿ ಪಡೆದರು. ಶಿಫಾರಸು ಬೇರೆ, ಕೈಗೆ ಬರುವ ಸಂಬಳ ಬೇರೆ. ಲೆಕ್ಕ ಹಾಕುವಾಗ ಕೈಗೆ ಬರುವುದನ್ನೇ ಹಿಡಿಯಿರಿ. ಜರ್ಮನಿ, ಗಲ್ಫ್ ಎಂದು ಹೇಳುವ ದಲ್ಲಾಳಿಯ ಸಂಬಳವನ್ನಂತೂ ಹಿಡಿಯಲೇಬೇಡಿ. ಅದಕ್ಕೆ ಭಾಷಾ ಪರೀಕ್ಷೆ, ಅನುಭವ, ಇನ್ನಷ್ಟು ಖರ್ಚು ಎಲ್ಲ ಇದೆ.

ಪುಸ್ತಕದಲ್ಲಿ ಬರೆಯದ ಖರ್ಚು ಇನ್ನೊಂದಿದೆ. ನಮ್ಮ ಸುತ್ತಲಿನ ಹುಡುಗಿಯರು ಪ್ಲಸ್ ಟು ಮುಗಿಸಿ ನೇರ ಕಾರ್ಖಾನೆಗೆ ಹೋಗುತ್ತಿದ್ದಾರೆ. ತಿಂಗಳಿಗೆ 15 ಸಾವಿರ ಬಂದರೂ 4 ವರ್ಷಕ್ಕೆ 7 ಲಕ್ಷ 20 ಸಾವಿರ. ನರ್ಸಿಂಗ್ ಓದುವ ಮಗಳು ಅಷ್ಟನ್ನು ಬಿಟ್ಟು ಓದುತ್ತಾಳೆ. ಆದರೂ ನಾನು ಓದಿನ ಪರವೇ. ನರ್ಸ್‌ಗೆ ಅನುಭವ ಬಂದಷ್ಟೂ ಬೆಲೆ, 50ರ ವಯಸ್ಸಿನಲ್ಲೂ ಕೆಲಸವುಂಟು.

ಸಾಲ ಕಡಿಮೆ ಮಾಡುವ ದಾರಿಗಳಿವೆ. 6ರಿಂದ 12ರವರೆಗೆ ತಮಿಳುನಾಡಿನ ಸರ್ಕಾರಿ ಶಾಲೆಯಲ್ಲಿ ಓದಿದ ಹೆಣ್ಣುಮಕ್ಕಳಿಗೆ 2022ರಿಂದ ಪುದುಮೈ ಪೆಣ್ ಯೋಜನೆಯಲ್ಲಿ ತಿಂಗಳಿಗೆ 1,000 ರೂಪಾಯಿ ಬರುತ್ತದೆ. ಮೊದಲ ಲಕ್ಷದ ಬಡ್ಡಿ ತಿಂಗಳಿಗೆ 833. ಆ ಸಾವಿರವನ್ನು ಬ್ಯಾಂಕಿಗೇ ಕಟ್ಟಿದರೆ ಮೊದಲ ವರ್ಷ ಸಾಲ ಬೆಳೆಯುವುದೇ ಇಲ್ಲ. ಬೆಂಗಳೂರಿನ ಕಾಲೇಜಿಗೆ ಹೋದರೂ ಈ ಹಣ ಸಿಗುವುದೇ ಎಂದು ಮೊದಲೇ ಕೇಳಿಕೊಳ್ಳಿ. ಮನೆಯ ವಾರ್ಷಿಕ ಆದಾಯ ನಾಲ್ಕೂವರೆ ಲಕ್ಷದ ಒಳಗಿದ್ದು ಕಾಲೇಜು ಮಾನ್ಯತೆಯ ನಿಯಮಕ್ಕೆ ಒಪ್ಪುವಂತಿದ್ದರೆ ಕೇಂದ್ರದ ಬಡ್ಡಿ ಸಹಾಯಧನಕ್ಕೂ ಅರ್ಜಿ ಹಾಕಬಹುದು. ಎಲ್ಲಕ್ಕಿಂತ ಮೊದಲು ಸರ್ಕಾರಿ ಸೀಟಿಗೆ ಪ್ರಯತ್ನ ಮಾಡಿ. ಮ್ಯಾನೇಜ್‌ಮೆಂಟ್ ಸೀಟಾದರೆ ಕೆಲವು ಬ್ಯಾಂಕುಗಳು ಹಿಂದೇಟು ಹಾಕುತ್ತವೆ. ಕಾಲೇಜಿಗೆ ಮುಂಗಡ ಕಟ್ಟುವ ಮುನ್ನವೇ ಬ್ಯಾಂಕಿಗೆ ಹೋಗಿ.

ನಮ್ಮ ಮಕ್ಕಳ ಭಾಷೆಯ ಮಾತು. ನರ್ಸಿಂಗ್ ಪುಸ್ತಕಗಳೆಲ್ಲ ಇಂಗ್ಲಿಷಿನವು. ಕನ್ನಡದಲ್ಲಿ ಓದಿದ ಮಗು ಮೊದಲ ವರ್ಷ ತಡವರಿಸುತ್ತದೆ. ಅನುತ್ತೀರ್ಣವಾಗಿ ಒಂದು ವರ್ಷ ಉಳಿದರೆ ಇನ್ನಷ್ಟು ಸಾಲ. ಹಾಗಾಗಿ ಪರೀಕ್ಷೆ ಮುಗಿದ ಎರಡು ತಿಂಗಳು ಜೀವಶಾಸ್ತ್ರದ ಇಂಗ್ಲಿಷ್ ಪದಗಳನ್ನು ಕಲಿಸೋಣ, ಶಾಲೆಯಲ್ಲಿ ನಾವಿದ್ದೇವೆ. ಆದರೆ ವಾರ್ಡಿಗೆ ಹೋದ ಮೇಲೆ ಕನ್ನಡ, ತಮಿಳು, ತೆಲುಗು ಮೂರನ್ನೂ ಆಡುವ ನಮ್ಮ ಹುಡುಗಿಯ ಕೈಯನ್ನೇ ಹೊಸೂರಿನ ರೋಗಿ ಹಿಡಿಯುತ್ತಾನೆ. ತಮಿಳುನಾಡಿನ ಸರ್ಕಾರಿ ನೇಮಕಾತಿಗೆ ತಮಿಳು ಪರೀಕ್ಷೆ ಪಾಸಾಗಬೇಕು, ಅದನ್ನೂ ಬಿಡಬೇಡಿ. ಕರ್ನಾಟಕದ ಸೀಟು ಬೇಕೆನ್ನುವವರು ಅಲ್ಲಿನ ಪರೀಕ್ಷಾ ಪ್ರಾಧಿಕಾರದ ಆಯಾ ವರ್ಷದ ಕೈಪಿಡಿಯಲ್ಲಿ ಗಡಿನಾಡ ಕನ್ನಡಿಗರ ಕಲಮನ್ನು ನೋಡಿ.

ಕೊನೆಗೆ, ಯಾರೂ ಜೋರಾಗಿ ಕೇಳದ ಪ್ರಶ್ನೆ: ಮದುವೆಯಾದರೆ ಸಾಲ ಯಾರದು? ಕಾಗದದ ಮೇಲೆ ಮಗಳದು ಮತ್ತು ಸಹಿ ಹಾಕಿದ ನಿಮ್ಮದು, ಅಳಿಯನದಲ್ಲ. ಸಂಬಂಧದ ಮಾತು ಬಂದಾಗ ಮಗಳು ಕೆಲಸ ಬಿಡುವುದಿಲ್ಲ, ಕಂತು ಇಷ್ಟು ವರ್ಷ ಇದೆ ಎಂದು ಗಂಡಿನ ಕಡೆಯವರಿಗೆ ಎದುರಿಗೇ ಹೇಳಿ. ಮದುವೆಗೆ 5 ಲಕ್ಷ ಸಾಲ ಮಾಡಲು ಹೆದರದ ನಾವು ಇದನ್ನು ಹೇಳಲು ಹೆದರುತ್ತೇವೆ.

ಫಲಿತಾಂಶ ಬಂದ ವಾರ ಶಾಲೆಗೆ ಬನ್ನಿ. ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ಕು, ಅಂಕಪಟ್ಟಿ ತನ್ನಿ. ಕಾಲೇಜಿನವರು ಕೊಟ್ಟ ಫೀಸಿನ ಚೀಟಿಯಿದ್ದರೆ ಅದನ್ನೂ ತನ್ನಿ. ಮಗಳನ್ನು ಕೂರಿಸಿಕೊಂಡೇ ಕಂತಿನ ಲೆಕ್ಕ ಹಾಕೋಣ.